ಚಳಿಗಾಲದ ಸೂಳೆಕೆರೆ
ಹಡಗೇರಿ ಧ್ರುವಸಮುದ್ರದ ಹಿಮರಾಶಿಯನ್ನೂ ತಿಮಿಂಗಿಲಗಳನ್ನೂ ಕಂಡುಬರುವ ಭಾಗ್ಯವು ಎಲ್ಲರಿಗೂ ಒದಗುವಂಥದಲ್ಲವಾದರೂ, ಮಾರ್ಗಶಿರದ ಕೊರೆಯುವ ಚಳಿಯಲ್ಲಿ ನ್ಯಾಮತಿಯಿಂದ ಹೊರಟು, ಹೊನ್ನಾಳಿಯ ತುಂಗಭದ್ರೆಯನ್ನು ದಾಟಿ, ಅರುಣೋದಯಕ್ಕೆ ಮುನ್ನವೇ ಚನ್ನಗಿರಿ ಸೀಮೆಯ ಸೂಳೆಕೆರೆಯ ಏರಿಯನ್ನು ಸೇರಿದವನಿಗೆ, ರಾಜಕುಮಾರಿ ಶಾಂತವ್ವೆ ಕಟ್ಟಿಸಿದಳೆಂದು ಜನ ಇಂದಿಗೂ ನೆನೆಯುವ ಆ ಶಾಂತಿಸಾಗರವು ಗುಡ್ಡಗಳ ನಡುವೆ ಮಂಜನ್ನು ಹೊದ್ದು ಮಲಗಿರುವ ದೃಶ್ಯವು ಯಾವ ಸಮುದ್ರದರ್ಶನಕ್ಕೂ ಕಿರಿದೆನಿಸದು. ಮೊನ್ನೆ ಮಂಜು ಸರಿದಂತೆ, ನೀರಿನಿಂದ ತಲೆಯೆತ್ತಿದ ಬೋಳು ಕೊಂಬೆಯ ಮೇಲೆ ನೀರುಕಾಗೆಯೊಂದು ತೊಯ್ದ ರೆಕ್ಕೆಗಳನ್ನು ಎಳೆಬಿಸಿಲಿಗೆ ಹರಡಿ, ಧ್ಯಾನಸ್ಥನಂತೆ ನಿಂತುದನ್ನು ಕಂಡೆನು. ಅದರ ಗರಿಗಳ ತುದಿಯಿಂದ ಹನಿಗಳು ಒಂದೊಂದಾಗಿ ಉದುರುತ್ತಿದ್ದುವು. ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡಾದರೋ ಬೇರೊಂದು ಲೋಕ: 2011ರಲ್ಲಿ ವನ್ಯಧಾಮವಾದ ಅಲ್ಲಿ ಕೊಂಡುಕುರಿಯೆಂಬ ಸಂಕೋಚಶೀಲ ಮೃಗವಿದೆ, ನಾಲ್ಕು ಕೊಂಬುಗಳು ಗಂಡಿಗೆ ಮಾತ್ರ, ಅವುಗಳಲ್ಲಿಯೂ ಮುಂದಿನ ಜೋಡಿ ತೀರ ಮೊಟಕು. ಮೂರು ಮುಂಜಾವು ಕಾದ ನನಗೆ ದೊರೆತುದು ಪೊದೆಯಾಚೆ ಮಿಡಿದ ಎರಡು ಕಿವಿಗಳ ದರ್ಶನವಷ್ಟೆ. ನಾಳೆ ಮತ್ತೆ ಹೋಗುವೆನು.