ಅಡ್ಡರಸ್ತೆಯ ಸರದಿ

ಮಳೆರಾಯನಿಗೆ ಮುಖ್ಯರಸ್ತೆ, ಅಡ್ಡರಸ್ತೆ ಎಂಬ ಭೇದವಿಲ್ಲ. ಭೇದವೆಲ್ಲ ಆರಂಭವಾಗುವುದು ಮಳೆ ನಿಂತ ಮೇಲೆ. ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ನಿಂತ ನೀರನ್ನು ಹೊರಹಾಕಲು ಬೆಳಗಿನ ಜಾವಕ್ಕೇ ಪಂಪು ಬರುತ್ತದೆ. ಬಳ್ಳಾರಿ ರಸ್ತೆಗೆ ಅಡ್ಡಬಿದ್ದ ಮರವು ವಿಮಾನ ಹಿಡಿಯಹೊರಟವರು ಕಾಫಿ ಮುಗಿಸುವಷ್ಟರಲ್ಲಿ ಮಾಯವಾಗಿರುತ್ತದೆ. ಅದೇ ರಾತ್ರಿ ಆರ್.ಟಿ. ನಗರದ ಒಂದು ಅಡ್ಡರಸ್ತೆಯಲ್ಲಿ ಉರುಳಿದ ಗುಲ್‌ಮೊಹರ್ ಮಾತ್ರ ಮೂರನೆಯ ದಿನವೂ ಕೆಂಪು ಹೂಗಳ ಸಮೇತ ಮಲಗಿಯೇ ಇರುತ್ತದೆ. ಮೊದಲ ದಿನ ಮಕ್ಕಳಿಗೆ ಅದು ಆಟದ ಆನೆ. ಎರಡನೆಯ ದಿನ ಗೃಹಿಣಿಯರಿಗೆ ತಲೆನೋವು. ಮೂರನೆಯ ದಿನ ಅದಕ್ಕೊಂದು ವಿಳಾಸವೇ ಪ್ರಾಪ್ತವಾಗಿ, “ಬಿದ್ದ ಮರದ ಎದುರು ಮನೆ” ಎಂದರೆ ಸಿಲಿಂಡರ್ ತರುವ ಹುಡುಗನೂ ತಡವರಿಸದೆ ಬರುತ್ತಾನೆ.

ಹಾಗೆಂದು ಈ ಸರದಿಯೇ ಅನ್ಯಾಯವೆನ್ನಲಾದೀತೆ? ಆಂಬುಲೆನ್ಸ್ ಓಡುವುದು, ಬಸ್ಸು ಸಂಚರಿಸುವುದು ಮುಖ್ಯರಸ್ತೆಯಲ್ಲಿ. ಅದನ್ನು ಮೊದಲು ತೆರವು ಮಾಡತಕ್ಕದ್ದೇ. ಆದರೆ ಆಂಬುಲೆನ್ಸ್ ಬರಬೇಕಾದ ಮನೆ ಇರುವುದು ಅಡ್ಡರಸ್ತೆಯಲ್ಲಿ. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವ ವೃದ್ಧರಿಗೆ ಹೆಬ್ಬಾಳದ ಸೇತುವೆ ಎಷ್ಟು ನಿರಾತಂಕವಾಗಿದ್ದರೇನು? ಮನೆಯ ಬಾಗಿಲಿನಿಂದ ಬೀದಿಯ ತಿರುವಿನವರೆಗಿನ ನೂರು ಹೆಜ್ಜೆಯೇ ಅವರಿಗೆ ಕಾಶೀಯಾತ್ರೆಯಾಗುತ್ತದೆ. ಕುರ್ಚಿಯಲ್ಲಿ ಕುಳ್ಳಿರಿಸಿ ಇಬ್ಬರು ಹೊತ್ತು, ರೆಂಬೆಗಳ ನಡುವೆ ದಾರಿ ಮಾಡಿಕೊಂಡು ಸಾಗಬೇಕಾಗುತ್ತದೆ. ಅಂತಹ ಮನೆಯವರಿಗೆ ಬೇಕಾದುದು ಮೊದಲ ಸರದಿಯಲ್ಲ. ತಮ್ಮ ಸರದಿ ಯಾವ ದಿನ, ಯಾವ ಹೊತ್ತಿಗೆ ಎಂಬ ಒಂದು ಮಾತು. ಆ ಮಾತನ್ನಾಡುವ ಬಾಯಿಯೇ ಕಾಣುವುದಿಲ್ಲ.

ಮರ ಬಿದ್ದಾಗ ಏನಾಗುತ್ತದೆಂಬುದನ್ನು ನೋಡಿ. ಗರಗಸ ಹಿಡಿದವರು ಪಾಲಿಕೆಯ ಅರಣ್ಯ ವಿಭಾಗದವರು. ಮರದೊಡನೆ ಜೋತುಬಿದ್ದ ತಂತಿ ಬೆಸ್ಕಾಂನದು. ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಖಚಿತವಾಗದೆ ಗರಗಸ ಮುಟ್ಟುವಂತಿಲ್ಲ. ಮರ ಸರಿಯದೆ ಕಂಬ ನಿಲ್ಲಿಸುವಂತಿಲ್ಲ. ಎರಡು ಮಾತೂ ಸತ್ಯವೇ, ಎರಡರ ಹಿಂದೆಯೂ ಪ್ರಾಣಭಯವಿದೆ. ಇಬ್ಬರೂ ಏಕಕಾಲಕ್ಕೆ ಒಂದೇ ಬೀದಿಗೆ ಬರುವ ಮುಹೂರ್ತವನ್ನು ಗೊತ್ತುಮಾಡುವ ಜೋಯಿಸರು ಮಾತ್ರ ಇಲ್ಲ. ಕಡೆಗೊಮ್ಮೆ ಮರ ತುಂಡಾದರೂ ದಿಮ್ಮಿಗಳು ಪಾದಚಾರಿ ಮಾರ್ಗವನ್ನೇರಿ ವಿಶ್ರಮಿಸುತ್ತವೆ. ಕಡಿಯುವವರು ಒಂದು ವರ್ಗ, ಸಾಗಿಸುವವರು ಇನ್ನೊಂದು.

ಚರಂಡಿಯ ಹೂಳಿನ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. ಬಿರುಮಳೆಯ ಮರುದಿನ ಕಾರ್ಮಿಕರು ಸೊಂಟ ಮುರಿಯುವಂತೆ ದುಡಿದು ಮೋರಿಯ ಹೂಳನ್ನೆತ್ತಿ ದಡದಲ್ಲಿ ಗುಡ್ಡೆಹಾಕುತ್ತಾರೆ. ಹಸಿ ಹೂಳು ಲಾರಿಯಿಂದ ದಾರಿಯುದ್ದಕ್ಕೂ ಸೋರುತ್ತದೆ. ಆದ್ದರಿಂದ ಒಣಗಲಿ ಎಂಬುದು ಲೆಕ್ಕಾಚಾರ. ಲೆಕ್ಕಾಚಾರದಲ್ಲಿ ತಪ್ಪಿಲ್ಲ. ಆದರೆ ಅದು ಒಣಗುವವರೆಗೆ ಆಕಾಶವೂ ಕಾಯಬೇಕಲ್ಲ! ಎರಡನೆಯ ಮಳೆ ಗುಡ್ಡೆಯನ್ನು ನಯವಾಗಿ ಕರಗಿಸಿ ಮೋರಿಗೇ ಹಿಂದಿರುಗಿಸುತ್ತದೆ. ಅಷ್ಟರಲ್ಲಿ ಬೀದಿಯವರ ಸಿಟ್ಟೆಲ್ಲ ಕೈಗೆ ಸಿಕ್ಕಿದ ಪೌರಕಾರ್ಮಿಕ ಹೆಂಗಸಿನ ಮೇಲೆ ತಿರುಗಿರುತ್ತದೆ. ಲಾರಿ ಕಳುಹಿಸುವ ಅಧಿಕಾರ ಆಕೆಗಿಲ್ಲವೆಂಬುದು ಬಯ್ಯುವವರಿಗೂ ತಿಳಿದ ವಿಷಯ.

2024ರ ಅಕ್ಟೋಬರ್ 22ರ ಬೆಳಗ್ಗೆ ಯಲಹಂಕಕ್ಕೆ ಒದಗಿದ್ದು ಇದರ ದೊಡ್ಡ ರೂಪ. ಕೆಲವೇ ಗಂಟೆಗಳಲ್ಲಿ 150 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2021ರ ನವೆಂಬರಿನಲ್ಲಿಯೂ ಯಲಹಂಕ ಕೆರೆ ತುಂಬಿ ಹರಿದು ಅದೇ ವಸತಿ ಸಮುಚ್ಚಯ ಮುಳುಗಿತ್ತು. ದೋಣಿಯ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ನೀರು ಇಳಿದ ಮೇಲಿನ ಕೆಲಸಕ್ಕೆ ಚಿತ್ರಕಾರರಿಲ್ಲ: ಸಂಪಿಗೆ ಚರಂಡಿಯ ನೀರು ನುಗ್ಗಿದ್ದರೆ ಬರಿದುಮಾಡಿ, ಉಜ್ಜಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯಬೇಕು; ಅದಾಗುವವರೆಗೆ ಟ್ಯಾಂಕರು ಬರಬೇಕು; ಟ್ಯಾಂಕರು ಬರಲು ರಸ್ತೆಯ ಕೆಸರು ಹೋಗಿರಬೇಕು. ಹೀಗೆ ಕೆಸರೊಂದು ನಿಂತರೆ ಅಡಿಗೆಮನೆಯೇ ನಿಲ್ಲುತ್ತದೆ.

ಯಲಹಂಕದ ಕೆರೆಯ ನೀರು ಜಕ್ಕೂರಿಗೂ ಅಲ್ಲಿಂದ ರಾಚೇನಹಳ್ಳಿಗೂ ಹರಿಯುವುದು. ಕೆರೆ ಕೋಡಿ ಬಿದ್ದರೆ ಬಾಗಿನ ಅರ್ಪಿಸಿ ಹಬ್ಬ ಮಾಡುತ್ತಿದ್ದ ಸೀಮೆಯಿದು. ಅಂದು ನೀರಿಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಕಾಲುವೆ ಕಾಯುವುದು ಅವನ ಹೊಣೆ. ಅದಕ್ಕಾಗಿ ಮಾನ್ಯದ ಭೂಮಿ. ಅವನೂ ಸೋಮಾರಿಯಾಗಿದ್ದಿರಬಹುದು, ಕುಡುಕನೂ ಆಗಿದ್ದಿರಬಹುದು. ಆದರೆ ಅವನ ಮನೆ ಎಲ್ಲಿದೆಯೆಂಬುದು ಊರಿಗೆಲ್ಲ ಗೊತ್ತಿತ್ತು. ನಡುರಾತ್ರಿಯಲ್ಲಿ ಹೋಗಿ ಬಾಗಿಲು ತಟ್ಟಬಹುದಾಗಿತ್ತು.

ಇದು ನಮ್ಮೂರಿಗಷ್ಟೇ ಅಂಟಿದ ರೋಗವಲ್ಲ. ಅಮೆರಿಕದಲ್ಲಿ ನೆಲೆಸಿದ ಮಕ್ಕಳಿಗೆ ಚಳಿಗಾಲದಲ್ಲಿ ದೂರವಾಣಿ ಮಾಡಿದ ತಾಯ್ತಂದೆಯರು ಬಲ್ಲರು: ಅಲ್ಲಿಯೂ ಹಿಮ ಸರಿಸುವ ಯಂತ್ರ ಮೊದಲು ಹೋಗುವುದು ಹೆದ್ದಾರಿಗೇ. 1969ರ ಫೆಬ್ರುವರಿಯ ಹಿಮಪಾತದಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಮನೆಗಳ ಬೀದಿಗಳು ದಿನಗಟ್ಟಲೆ ಹೂತುಹೋಗಿದ್ದವು. ನಗರದ ಮೇಯರ್ ಜಾನ್ ಲಿಂಡ್ಸೆ ನೋಡಲು ಹೋದರೆ ಅವರ ಕಾರೂ ಹಿಮದಲ್ಲಿ ಸಿಕ್ಕಿಕೊಂಡಿತು. ಜನ ಎದುರಿಗೇ ಹೀಯಾಳಿಸಿದರು. ಷಿಕಾಗೋದಲ್ಲಂತೂ 1979ರ ಹಿಮ ಮೇಯರ್ ಬಿಲಾಂಡಿಕ್‌ರ ಗದ್ದುಗೆಯನ್ನೇ ಮುಚ್ಚಿತು. ಬೀದಿ ತೆರವಾಗದ ಕೋಪವನ್ನು ಜನ ಮುಂದಿನ ತಿಂಗಳೇ ಪಕ್ಷದ ಒಳಚುನಾವಣೆಯಲ್ಲಿ ತೀರಿಸಿಕೊಂಡು ಜೇನ್ ಬರ್ನ್ ಎಂಬಾಕೆಯನ್ನು ಗೆಲ್ಲಿಸಿದರು. ಆ ನಗರದ ಮೊದಲ ಮಹಿಳಾ ಮೇಯರ್ ಆಕೆಯೇ.

ಕ್ವೀನ್ಸ್‌ನವರಿಗೆ ಕೂಗಾಡಲು ಎದುರಿಗೆ ಒಬ್ಬ ಮನುಷ್ಯನಾದರೂ ಇದ್ದ. ಬೆಂಗಳೂರಿನ ಅಡ್ಡರಸ್ತೆಗೆ ಆ ಭಾಗ್ಯವೂ ತಪ್ಪಿತು. 2015ರಲ್ಲಿ ಚುನಾಯಿತವಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷಕಾಲ ಚುನಾವಣೆಯೇ ನಡೆಯಲಿಲ್ಲ. ಯಲಹಂಕ ಎರಡು ಸಲ ಮುಳುಗಿದ್ದು ಕಾರ್ಪೊರೇಟರ್ ಎಂಬ ಪ್ರಾಣಿಯೇ ಇಲ್ಲದ ಈ ಕಾಲದಲ್ಲಿ. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಹುಟ್ಟಿದವು. ಅವುಗಳಲ್ಲಿ ಒಂದು ಉತ್ತರದ್ದು. ಕಾರ್ಪೊರೇಟರುಗಳು ಸಾಕ್ಷಾತ್ ಧರ್ಮರಾಯರಾಗಿದ್ದರೆಂದು ಯಾರೂ ಹೇಳರು. ಆದರೂ ಬೀದಿಯ ಮರ ಬಿದ್ದಾಗ ಅವರ ಮನೆಯ ಕರೆಗಂಟೆ ಒತ್ತಬಹುದಾಗಿತ್ತು. ಮತ ಕೇಳಲು ಮತ್ತೆ ಇದೇ ಬೀದಿಗೆ ಬರಬೇಕೆಂಬ ಅಳುಕು ಅವರಿಗಿತ್ತು. ಸಹಾಯವಾಣಿಗೆ ಆ ಅಳುಕಿಲ್ಲ. ಅದು ದೂರಿಗೊಂದು ಸಂಖ್ಯೆ ಕೊಡುತ್ತದೆ, ದಿನಾಂಕ ಕೊಡುವುದಿಲ್ಲ.

ದೊಡ್ಡ ಯೋಜನೆಯನ್ನೇನೂ ಅಡ್ಡರಸ್ತೆಯವರು ಬೇಡುತ್ತಿಲ್ಲ. ಬಿರುಗಾಳಿಯ ಮರುದಿನ ವಾರ್ಡ್ ಕಚೇರಿಯ ಬಾಗಿಲಿಗೆ ಒಂದು ಹಾಳೆ ಅಂಟಿಸಲಿ: ಇಂತಿಂಥ ಬೀದಿಗೆ ಗರಗಸ ಇಂದು, ಇಂತಿಂಥ ಬೀದಿಗೆ ನಾಳೆ, ಹೂಳು ಸಾಗಿಸುವ ಲಾರಿ ಗುರುವಾರ, ಕೆಳಗೆ ಹೊಣೆಹೊತ್ತ ಇಂಜಿನಿಯರರ ಹೆಸರು. ಕಡೆಯ ಸಾಲಿನಲ್ಲಿ ತಮ್ಮ ಬೀದಿ ಇದ್ದರೂ ಡಯಾಲಿಸಿಸ್ಸಿನ ವೃದ್ಧರ ಮಗ ಅದನ್ನೋದಿ, ಗುರುವಾರದವರೆಗೆ ತಂದೆಯನ್ನು ಯಶವಂತಪುರದ ಅಕ್ಕನ ಮನೆಯಲ್ಲಿ ಬಿಟ್ಟುಬರಬಹುದು.