ಕಾರಿನ ಹೊದಿಕೆಯೂ ಉಸಿರಾಡಬೇಕು

ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಓಡುವ ಕಾರು ದಿನದ ಉಳಿದ 22 ಗಂಟೆ ಎಲ್ಲೋ ಒಂದು ಕಡೆ ನಿಂತಿರುತ್ತದೆ. ಎಲ್ಲ ಮನೆಗೂ ಗ್ಯಾರೇಜು ಎಲ್ಲಿಂದ ಬರಬೇಕು? ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೀದಿಯ ಬದಿಯೇ ಗ್ಯಾರೇಜು. ಹಾಗಾಗಿ ಹೊಸ ಕಾರಿನ ಪೂಜೆ ಮುಗಿದು ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾದ ಮಾರನೆಯ ದಿನವೇ ಮಾಲೀಕರು ಹೊದಿಕೆ ಹುಡುಕಿಕೊಂಡು ಹೊರಡುತ್ತಾರೆ. ಅಂಗಡಿಯಲ್ಲಿ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: 'ಇದು ವಾಟರ್‌ಪ್ರೂಫ್ ತಾನೆ?' ಅಂಗಡಿಯವನು ಹೌದೆಂದರೆ ವ್ಯಾಪಾರ ಮುಗಿಯಿತು.

ಮಳೆಯ ನೀರು ಒಳಗೆ ಬರಬಾರದು, ನಿಜ. ಆದರೆ ಈಗಾಗಲೇ ಒಳಗಿರುವ ನೀರು ಹೊರಗೆ ಹೋಗುವುದು ಹೇಗೆ? ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕಾರಿನ ಮೈಗೆ ಆಗುವ ಹಾನಿಯ ದೊಡ್ಡ ಪಾಲು ಅಡಗಿರುವುದು ಅಲ್ಲಿಯೇ.

ಹೊದಿಕೆಯೊಳಗಿನ ಬೆವರು

ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿಗಳು ಮೂಡುವುದನ್ನು ಎಲ್ಲರೂ ಕಂಡಿದ್ದಾರೆ. ಆ ನೀರು ಲೋಟದಿಂದ ಜಿನುಗಿದ್ದಲ್ಲ, ಗಾಳಿಯಿಂದ ಬಂದದ್ದು. ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಅದರಲ್ಲಿ 17 ಗ್ರಾಂ ಮಾತ್ರ ಉಳಿಯುತ್ತದೆ. ಮಿಕ್ಕದ್ದು ಹನಿಯಾಗಿ ಕೂರಲೇಬೇಕು.

ಹೊದಿಕೆಯೊಳಗೆ ನಡೆಯುವುದೂ ಇದೇ. ಒದ್ದೆ ನೆಲದಿಂದ, ತೊಯ್ದ ಚಕ್ರದಿಂದ, ತೊಳೆದು ಒರೆಸದೆ ಬಿಟ್ಟ ಸಂದುಗಳಿಂದ ಹಗಲಿನಲ್ಲಿ ಆವಿ ಏಳುತ್ತದೆ. ರಾತ್ರಿ ಹೊದಿಕೆ ತಣಿದಾಗ ಅದರ ಒಳಮೈಯಲ್ಲಿ ಹನಿಗಟ್ಟಿ ಕಾರಿನ ಮೇಲೆ ತೊಟ್ಟಿಕ್ಕುತ್ತದೆ. ಹೊದಿಕೆ ಬರಿಯ ಪ್ಲಾಸ್ಟಿಕ್ ಹಾಳೆಯಾಗಿದ್ದರೆ ಆವಿಗೆ ದಾರಿಯೇ ಇಲ್ಲ. ಮಾರನೆಯ ದಿನ ಬಿಸಿಲಿಗೆ ಅದೇ ನೀರು ಮತ್ತೆ ಆವಿ, ರಾತ್ರಿ ಮತ್ತೆ ಹನಿ. ಹೊರಗೆ ಒಂದು ಹನಿ ಮಳೆ ಬೀಳದಿದ್ದರೂ ಒಳಗೆ ಕಾರು ನೆನೆಯುತ್ತಲೇ ಇರುತ್ತದೆ.

ಕಬ್ಬಿಣಕ್ಕೆ ನೀರು ಮತ್ತು ಆಮ್ಲಜನಕ ಎರಡೂ ಒಟ್ಟಿಗೆ ಸಿಕ್ಕರೆ ತುಕ್ಕು ಹಿಡಿಯುತ್ತದೆ. ಬಣ್ಣ ಗಟ್ಟಿಯಾಗಿರುವವರೆಗೆ ಚಿಂತೆಯಿಲ್ಲ. ಆದರೆ ಕಲ್ಲು ಸಿಡಿದು ಬಣ್ಣ ಎದ್ದ ಜಾಗ, ಬಾಗಿಲಿನ ಅಂಚು, ತಗಡುಗಳ ಬೆಸುಗೆ ಇಂಥ ಕಡೆ ತೇವ ನಿಂತರೆ ಕೆಲಸ ಕೆಡುತ್ತದೆ. ಸಮುದ್ರದ ಬಳಿ ಈ ಅಪಾಯ ಇನ್ನೂ ಹೆಚ್ಚು. ತುಕ್ಕು ಹಿಡಿಯುವುದು ಒಂದು ವಿದ್ಯುತ್ ರಾಸಾಯನಿಕ ಕ್ರಿಯೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ಕ್ರಿಯೆಯ ವೇಗ ಏರುತ್ತದೆ. ಮಂಗಳೂರಿನ ಕಾರಿಗೂ ರಾಯಚೂರಿನ ಕಾರಿಗೂ ಒಂದೇ ಹೊದಿಕೆ ಸಲ್ಲದಿರುವುದು ಈ ಕಾರಣಕ್ಕೆ.

ಶತ್ರು ಯಾರು?

ಹೊದಿಕೆಯ ಬೆಲೆ ಕೇಳುವ ಮೊದಲು ಕಾರು ನಿಲ್ಲುವ ಜಾಗವನ್ನು ನೋಡಬೇಕು. ರಾಯಚೂರು, ಕಲಬುರಗಿಯ ಕಡೆ ಮುಖ್ಯ ಶತ್ರು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಸೂರ್ಯನ ಅತಿನೇರಳೆ ಕಿರಣಗಳು ಬಣ್ಣವನ್ನು ಹಿಡಿದಿಟ್ಟಿರುವ ರಾಳದ ಅಣುಗಳನ್ನು ಮುರಿಯುತ್ತವೆ. ಹೊಳಪು ಹೋಗಿ ಮೈ ಮಂಕಾಗುತ್ತದೆ. ಇಲ್ಲಿ ಬೇಕಾದದ್ದು ಬೆಳಕನ್ನು ಹಿಂದಕ್ಕೆ ಎಸೆಯುವ ಬೆಳ್ಳಿ ಬಣ್ಣದ, ಒತ್ತಾದ ಹೊದಿಕೆ. ಇದೇ ಕಿರಣಗಳು ಹೊದಿಕೆಯನ್ನೂ ಬಿಡುವುದಿಲ್ಲ. ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಗೋಣಿಚೀಲ ಕೆಲವು ತಿಂಗಳಲ್ಲಿ ಮುಟ್ಟಿದರೆ ಪುಡಿಯಾಗುವುದನ್ನು ರೈತರು ಬಲ್ಲರು. ಅತಿನೇರಳೆ ಕಿರಣ ತಡೆಯುವ ರಾಸಾಯನಿಕ ಸೇರಿಸಿದ ಬಟ್ಟೆಯನ್ನೇ ಕೇಳಿ ಪಡೆಯಬೇಕು. ಅದೂ ಶಾಶ್ವತವಲ್ಲ. ಬಟ್ಟೆ ಪುಡಿ ಉದುರಿಸತೊಡಗಿದರೆ ಬದಲಿಸುವುದೇ ಸರಿ.

ಬೆಂಗಳೂರು, ಮೈಸೂರಿನ ಸಾಲುಮರದ ಬೀದಿಗಳಲ್ಲಿ ಶತ್ರುಗಳು ಮೇಲಿನಿಂದ ಬೀಳುತ್ತವೆ. ಎಲೆಯ ರಸ ಹೀರುವ ಕೀಟಗಳು ಸುರಿಸುವ ಅಂಟು, ಹೂವು, ಹಕ್ಕಿಯ ಹಿಕ್ಕೆ. ಹಿಕ್ಕೆಯ ಬಿಳಿಯ ಭಾಗ ಯೂರಿಕ್ ಆಮ್ಲ. ಬಿಸಿಲಿಗೆ ಒಣಗಿ ಕಚ್ಚಿಕೊಂಡರೆ ತೊಳೆದರೂ ಹೋಗದ ಕಲೆ ಉಳಿಯುತ್ತದೆ. ಇಂಥ ಕಡೆ ಹೊರಗೆ ಗಟ್ಟಿಯಾದ, ಒಳಗೆ ಮೆತ್ತಗಿರುವ ಹೊದಿಕೆ ಒಳ್ಳೆಯದು.

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ನೀರು ತಡೆಯುವ, ಆದರೆ ಆವಿ ಬಿಡುವ ಮೂರು ಪದರದ ಹೊದಿಕೆಯೇ ಬೇಕು. ವಾರಗಟ್ಟಲೆ ಬಿಸಿಲೇ ಕಾಣದ ಮಲೆನಾಡಿನ ಊರುಗಳಲ್ಲಾದರೆ ಹೊದಿಕೆಗಿಂತ ನಾಲ್ಕು ಕಂಬದ ಮೇಲೊಂದು ತಗಡಿನ ಮಾಡು ಲೇಸು. ಇನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಲ್ಲುವ ಕಾರಿಗೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಇರುವುದು ಧೂಳು ಮಾತ್ರ. ಅದಕ್ಕೆ ಹಗುರವಾದ ಹತ್ತಿ ಬಟ್ಟೆ ಸಾಕು. ಅದನ್ನೇ ಬಯಲಿನಲ್ಲಿ ಬಳಸಿದರೆ ಮಳೆಗೆ ತೊಯ್ದು ಕಾರಿಗೆ ಮೆತ್ತಿಕೊಳ್ಳುತ್ತದೆ.

ಲೋಟದ ಪರೀಕ್ಷೆ

ನೀರನ್ನು ತಡೆದು ಆವಿಯನ್ನು ಬಿಡುವುದು ಹೇಗೆ ಸಾಧ್ಯ? ತುಂತುರು ಮಳೆಯ ಒಂದು ಹನಿಯ ಅಗಲ ಅರ್ಧ ಮಿಲಿಮೀಟರ್ ಎಂದುಕೊಳ್ಳೋಣ. ನೀರಿನ ಅಣುವಿನ ಗಾತ್ರ ಅದರ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇವೆರಡರ ನಡುವಣ ಗಾತ್ರದ ರಂಧ್ರಗಳಿದ್ದರೆ ಹನಿ ಹೊರಗೆ ನಿಲ್ಲುತ್ತದೆ, ಆವಿ ನುಸುಳಿ ಹೋಗುತ್ತದೆ. ಕೊರೊನಾ ಹಾವಳಿಯ 2020ರಲ್ಲಿ ಮನೆಮನೆಗೂ ಬಂದ ಮೂರು ಪದರದ ಮಾಸ್ಕುಗಳ ನಡುವೆ ಪಾಲಿಪ್ರೊಪಿಲೀನಿನ ಅತಿ ತೆಳು ಎಳೆಗಳ ಪದರವಿತ್ತು. ಉಸಿರಾಡುವ ಕಾರು ಹೊದಿಕೆಗಳಲ್ಲೂ ಕೆಲವು ಇದೇ ಬಗೆಯವು.

ಹೊದಿಕೆಯ ಚೂರೊಂದು ಸಿಕ್ಕರೆ ಮನೆಯಲ್ಲೇ ಪರೀಕ್ಷಿಸಬಹುದು. ಬಿಸಿನೀರು ತುಂಬಿದ ಲೋಟದ ಬಾಯಿಗೆ ಬಟ್ಟೆಯನ್ನು ಬಿಗಿದು, ಮೇಲೆ ಒಂದು ತಣ್ಣನೆಯ ಕನ್ನಡಿ ಹಿಡಿಯಬೇಕು. ಕನ್ನಡಿ ಮಬ್ಬಾದರೆ ಬಟ್ಟೆ ಉಸಿರಾಡುತ್ತದೆ ಎಂದರ್ಥ. ಬಳಿಕ ಅದೇ ಬಟ್ಟೆಯ ಮೇಲೆ ಒಂದು ಚಮಚ ತಣ್ಣೀರು ಹಾಕಿ ಅರ್ಧ ಗಂಟೆ ಬಿಟ್ಟು ಕೆಳಗೆ ನೋಡಬೇಕು. ತಳ ಒಣಗಿದ್ದರೆ ಎರಡೂ ಪರೀಕ್ಷೆಯಲ್ಲಿ ಪಾಸು.

ಉಜ್ಜುಕಾಗದವಾದೀತು

ಒಳ್ಳೆಯ ಹೊದಿಕೆಯೂ ಕೊಳಕು ಕಾರಿನ ಮೇಲೆ ಬಿದ್ದರೆ ಉಜ್ಜುಕಾಗದವಾಗುತ್ತದೆ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಮೋಸ್ ಕಾಠಿಣ್ಯದ ಅಳತೆಯಲ್ಲಿ ಬೆಣಚುಕಲ್ಲು 7ರಲ್ಲಿದೆ, ಕಾರಿನ ಬಣ್ಣ ಅದಕ್ಕಿಂತ ಬಹಳ ಮೃದು. ಸಡಿಲ ಹೊದಿಕೆ ಗಾಳಿಗೆ ಪಟಪಟ ಬಡಿದುಕೊಂಡಾಗ ಈ ಕಣಗಳು ಗೀರು ಎಳೆಯುತ್ತವೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಮರೆಯಬಾರದು. ಕಾರು ಚೊಕ್ಕಟವಾಗಿ, ಒಣಗಿರಬೇಕು. ಹೊದಿಕೆ ಮೈಗೆ ಸರಿಯಾಗಿ ಕೂರಬೇಕು. ಹೊಟ್ಟೆಯ ಕೆಳಗೆ ಬಿಗಿಯಲು ಪಟ್ಟಿ ಇರಬೇಕು. ರಸ್ತೆಯ ತುಂಬ ಅಂಬಾಸಡರ್ ಮತ್ತು ಮಾರುತಿ 800 ಇದ್ದ ಕಾಲದಲ್ಲಿ ದೊಡ್ಡದು, ಚಿಕ್ಕದು ಎಂದರೆ ಸಾಕಿತ್ತು. ಈಗ ಮಾದರಿಯ ಹೆಸರು ಹೇಳಿಯೇ ಕೊಳ್ಳಬೇಕು.

ಕಾರು ಬಂದು ನಿಂತೊಡನೆ ಹೊದಿಸುವುದೂ ಸಲ್ಲ. ಹೊಗೆ ಕೊಳವೆ ಬಿಸಿಯಾಗಿದ್ದು ಪ್ಲಾಸ್ಟಿಕ್ ಎಳೆಗಳನ್ನು ಕರಗಿಸಬಹುದು. ಅರ್ಧ ಗಂಟೆ ಆರಲಿ. ಬಹಳ ದಿನ ನಿಲ್ಲುವ ಕಾರಾದರೆ ವಾರಕ್ಕೊಮ್ಮೆ ಹೊದಿಕೆ ತೆಗೆದು ಗಾಳಿಯಾಡಿಸಬೇಕು. ಇಲಿಗಳು ಗೂಡು ಕಟ್ಟಿ ವೈರು ಕಡಿಯುವುದೂ ಆಗ ಬೇಗ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತಿದೆ. ಬೀಗ ಹಾಕದ ಕಾರಿನೊಳಗೆ ಆಟವಾಡಲು ಹೊಕ್ಕು, ಹೊರಬರಲಾಗದೆ ಮಕ್ಕಳು ಸತ್ತ ಸುದ್ದಿಗಳು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಬಂದಿವೆ. ಹೊರಗೆ 35 ಡಿಗ್ರಿ ಇದ್ದರೆ ಬಿಸಿಲಿನಲ್ಲಿ ನಿಂತ, ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 55 ಡಿಗ್ರಿಯ ಆಸುಪಾಸಿಗೆ ಏರಬಹುದು. ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ಬೇಗ ಕಾಯುತ್ತದೆ. ಹಿಂದಿನ ಬಾಗಿಲಿನ ಚೈಲ್ಡ್ ಲಾಕ್ ಒತ್ತಿದ್ದರೆ ಅದು ಒಳಗಿನಿಂದ ತೆರೆಯುವುದೂ ಇಲ್ಲ. ಹೊದಿಕೆ ಹೊದ್ದ ಕಾರಿನಲ್ಲಿ ಒಳಗೊಂದು ಮಗು ಇದ್ದರೂ ದಾರಿಹೋಕರಿಗೆ ಕಾಣುವುದಿಲ್ಲ. ಅದರ ಕೂಗು ಕೇಳುವುದೂ ಕಷ್ಟ. ಆದ್ದರಿಂದ ಹೊದಿಕೆ ಎಳೆಯುವ ಮೊದಲು ಒಳಗೆ ಒಮ್ಮೆ ಇಣುಕಿ ನೋಡಿ, ನಾಲ್ಕೂ ಬಾಗಿಲಿಗೂ ಡಿಕ್ಕಿಗೂ ಬೀಗ ಹಾಕಿ, ಕೀಲಿಕೈಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು. ಇದಕ್ಕೆ ಹಿಡಿಯುವುದು ಅರ್ಧ ನಿಮಿಷ.