ಮಂಗಳದವರು ಅಕ್ಕಲಕೋಟೆಗೆ ಬಂದರೆ ಯಾವ ಭಾಷೆಯಲ್ಲಿ ಕೂಗಬೇಕು?

ಹಳೆಯ ಒಳ್ಳೆಯ ಸಿನಿಮಾವನ್ನು ಯಾರೂ ಮುಟ್ಟಬಾರದು, ರೀಮೇಕ್ ಅಂದರೆ ತಲೆ ಖಾಲಿಯಾದವರ ಕೆಲಸ ಎನ್ನುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಇನ್ನೊಂದು ಗುಂಪಿದೆ. ಅವರಿಗೆ ರೀಮೇಕ್ ನಡೆಯುತ್ತದೆ, ಡಬ್ಬಿಂಗ್ ಮಾತ್ರ ಕೂಡದು. ನನ್ನ ಜಗಳ ಈ ಎರಡೂ ಗುಂಪಿನವರ ಜೊತೆ. ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವವನಿಗೆ ಈ ಜಗಳ ಆಡುವ ಹಕ್ಕು ಸ್ವಲ್ಪ ಹೆಚ್ಚೇ ಇದೆ ಅಂದುಕೊಂಡಿದ್ದೇನೆ.

ಒಂದೇ ಕತೆ ತೆಗೆದುಕೊಳ್ಳೋಣ. ಎಚ್.ಜಿ. ವೆಲ್ಸ್ ಬರೆದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. 1897ರಲ್ಲಿ ಧಾರಾವಾಹಿಯಾಗಿ ಬಂದು 1898ರಲ್ಲಿ ಪುಸ್ತಕವಾಯಿತು. ಮಂಗಳ ಗ್ರಹದವರು ಇಂಗ್ಲೆಂಡಿಗೆ ಇಳಿದು ಊರೂರು ಸುಡುತ್ತಾರೆ. ಬ್ರಿಟಿಷರ ತೋಪು ಏನೂ ಮಾಡಲಾಗುವುದಿಲ್ಲ. ಕೊನೆಗೆ ಅವರನ್ನು ಕೊಲ್ಲುವುದು ಕಣ್ಣಿಗೆ ಕಾಣದ ರೋಗಾಣು. ಜಗತ್ತನ್ನೆಲ್ಲ ಆಳುತ್ತಿದ್ದ ಬ್ರಿಟಿಷರಿಗೆ "ನೀವು ಬೇರೆಯವರಿಗೆ ಮಾಡಿದ್ದನ್ನು ನಿಮಗೇ ಯಾರಾದರೂ ಮಾಡಿದರೆ?" ಎಂದು ಕೇಳಿದ ಕತೆ ಅದು. ಟಾಸ್ಮೇನಿಯಾದ ಮೂಲನಿವಾಸಿಗಳ ನಾಶವನ್ನು ವೆಲ್ಸ್ ಮೊದಲ ಅಧ್ಯಾಯದಲ್ಲೇ ನೆನೆಸುತ್ತಾನೆ.

ಆಮೇಲೆ ಏನಾಯಿತು ನೋಡಿ. 1938ರಲ್ಲಿ ಆರ್ಸನ್ ವೆಲ್ಸ್ ಇದನ್ನು ಅಮೆರಿಕದ ರೇಡಿಯೋಗೆ ತಂದ. ಮಂಗಳದವರು ಇಳಿದದ್ದು ಇಂಗ್ಲೆಂಡಿನಲ್ಲಲ್ಲ, ನ್ಯೂಜೆರ್ಸಿಯ ಒಂದು ಹಳ್ಳಿಯಲ್ಲಿ. ಯುರೋಪಿನ ನೆತ್ತಿಯ ಮೇಲೆ ಯುದ್ಧ ತೂಗುತ್ತಿದ್ದ ಕಾಲ, ಕೇಳುಗರಲ್ಲಿ ಕೆಲವರು ನಿಜವೆಂದೇ ಹೆದರಿದರು. 1953ರಲ್ಲಿ ಬೈರನ್ ಹಾಸ್ಕಿನ್ ನಿರ್ದೇಶನದ ಸಿನಿಮಾ ಬಂತು. ಅದರಲ್ಲಿ ಇಳಿದದ್ದು ಕ್ಯಾಲಿಫೋರ್ನಿಯಾಕ್ಕೆ. ಅಣುಬಾಂಬ್ ಹಾಕಿದರೂ ಅವರು ಜಗ್ಗಲಿಲ್ಲ. 2005ರಲ್ಲಿ ಸ್ಪಿಲ್‌ಬರ್ಗ್ ಮತ್ತೆ ತೆಗೆದ. ಅಲ್ಲಿ ನಾಯಕ ವಿಜ್ಞಾನಿಯಲ್ಲ, ಬಂದರಿನಲ್ಲಿ ಕ್ರೇನ್ ನಡೆಸುವವ. ಮೈಮೇಲೆ ಬೂದಿ ಬಿದ್ದು ಓಡುವ ಅವನನ್ನು ನೋಡಿದರೆ 2001ರ ನ್ಯೂಯಾರ್ಕ್ ನೆನಪಾಗದೆ ಇರದು.

ಒಂದೇ ಕತೆ, ಆದರೆ ಪ್ರತಿ ಸಲ ಬೇರೆ ಊರು, ಬೇರೆ ಭಯ! 1953ರ ಸಿನಿಮಾ ಶ್ರೇಷ್ಠ ಎಂದು ಅದನ್ನೇ ಕಪಾಟಿನಲ್ಲಿಟ್ಟು ಪೂಜೆ ಮಾಡಿದ್ದರೆ 2005ರ ಹುಡುಗರಿಗೆ ತಮ್ಮ ಕಾಲದ ಭಯಕ್ಕೊಂದು ಕತೆ ಸಿಗುತ್ತಿರಲಿಲ್ಲ. ಎಲ್ಲಾ ರೀಮೇಕೂ ಚೆನ್ನಾಗಿರುತ್ತದೆ ಎಂದು ನಾನು ಹೇಳುತ್ತಿಲ್ಲ. 2025ರಲ್ಲಿ ಇದೇ ಕತೆಯನ್ನು ಕಂಪ್ಯೂಟರ್ ಪರದೆಯ ಮೇಲೇ ನಡೆಯುವಂತೆ ತೆಗೆದರು, ವಿಮರ್ಶಕರು ಚೆನ್ನಾಗಿ ಬೈದರು. ಕೆಟ್ಟ ಅಡುಗೆಯನ್ನು ಬೈಯೋಣ. ಆದರೆ ಒಲೆ ಹಚ್ಚಲೇಬೇಡಿ ಅನ್ನುವುದು ಯಾವ ನ್ಯಾಯ?

ಈಗ ನಮ್ಮ ಕಡೆ ಬರೋಣ. ವೆಲ್ಸ್‌ನ ಧಾರಾವಾಹಿ ಲಂಡನ್ನಿನಲ್ಲಿ ಬರುತ್ತಿದ್ದ 1897ರಲ್ಲೇ ನಮ್ಮ ಮುಂಬೈ ಪ್ರಾಂತದಲ್ಲಿ ಪ್ಲೇಗ್ ಇತ್ತು. ಅಲ್ಲಿ ಕತೆಯಲ್ಲಿ ರೋಗಾಣು ಜನರನ್ನು ಉಳಿಸಿತು, ಇಲ್ಲಿ ನಿಜದಲ್ಲಿ ಜನರನ್ನು ಕೊಂದಿತು. ಪರದೇಶದಿಂದ ಬಂದವರು ಮನೆ ಮನೆ ಹೊಕ್ಕು ಶೋಧಿಸಿದರು. ಅದೇ ಸಿಟ್ಟಿಗೆ ಆ ವರ್ಷ ಜೂನ್‌ನಲ್ಲಿ ಪುಣೆಯಲ್ಲಿ ರ‍್ಯಾಂಡ್ ಸಾಹೇಬನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಸೊಲ್ಲಾಪುರದ್ದಂತೂ ಕೇಳಲೇಬೇಡಿ. 1930ರ ಮೇ ತಿಂಗಳಲ್ಲಿ ಗಿರಣಿ ಊರು ಎದ್ದು ನಿಂತಾಗ ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ ನಾಲ್ವರನ್ನೂ ಯರವಡಾದಲ್ಲಿ ಗಲ್ಲಿಗೇರಿಸಿದರು. ದೂರದಿಂದ ಬಂದವನ ಕೈಯಲ್ಲಿ ದೊಡ್ಡ ಆಯುಧ ಇದ್ದರೆ ಏನಾಗುತ್ತದೆ ಎಂದು ನಮ್ಮ ಊರಿಗೆ ಹಾಲಿವುಡ್ ಕಲಿಸಬೇಕಾಗಿಲ್ಲ. ಈ ಕತೆ ನಮ್ಮದೂ ಹೌದು. ನಮ್ಮ ಭಾಷೆಯಲ್ಲಿ ಅದು ಯಾಕಿಲ್ಲ ಅನ್ನುವುದೇ ಪ್ರಶ್ನೆ.

ಇಲ್ಲಿ ಎರಡನೆಯ ಗುಂಪಿನವರು ಬರುತ್ತಾರೆ. 1960ರ ದಶಕದಿಂದ ಕನ್ನಡ ಚಿತ್ರರಂಗ ಡಬ್ಬಿಂಗಿಗೆ ಬಾಗಿಲು ಹಾಕಿತು. ಕಾನೂನು ಇರಲಿಲ್ಲ, ಕಟ್ಟುಪಾಡು ಇತ್ತು. ಆಗ ಅದಕ್ಕೆ ಕಾರಣವೂ ಇತ್ತು, ಒಪ್ಪುತ್ತೇನೆ. ಮದರಾಸಿನಲ್ಲಿ ನಿಂತು ಕೆಲಸ ಹುಡುಕುತ್ತಿದ್ದ ಕನ್ನಡದ ಕಲಾವಿದರಿಗೆ ಅನ್ನ ಬೇಕಿತ್ತು. ಆದರೆ ಉದ್ಯಮ ಬೆಳೆದು ದೊಡ್ಡದಾದ ಮೇಲೂ ಬಾಗಿಲು ತೆಗೆಯಲಿಲ್ಲ. ಕನ್ನಡ ಗ್ರಾಹಕರ ಕೂಟದವರು ದೂರು ಕೊಟ್ಟು, ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ತಡೆ ತಪ್ಪು ಎಂದು ಹೇಳಬೇಕಾಯಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಎಂಬ ತಮಿಳು ಚಿತ್ರದ ಡಬ್ಬಿಂಗ್ ತೆರೆಗೆ ಬಂತು. ಅಂದರೆ ಸುಮಾರು ಅರ್ಧ ಶತಮಾನ ಹೋಯಿತು!

ಆ ಅರ್ಧ ಶತಮಾನದಲ್ಲಿ ರೀಮೇಕ್ ಮಾತ್ರ ಧಾರಾಳವಾಗಿ ನಡೆಯಿತು. ತಮಿಳಿನ, ತೆಲುಗಿನ, ಮಲಯಾಳದ ಅತ್ತೆ ಸೊಸೆ, ಅಣ್ಣ ತಮ್ಮ, ಹೊಡೆದಾಟ ಎಲ್ಲಾ ಕನ್ನಡಕ್ಕೆ ಬಂದವು. ಹಾರುವ ತಟ್ಟೆ ಬರಲಿಲ್ಲ. ಅದಕ್ಕೆ ದುಡ್ಡು ಬೇಕು, ತಂತ್ರಜ್ಞಾನ ಬೇಕು. ಸರಿ, ನಿಮ್ಮಿಂದ ಆಗಲಿಲ್ಲ. ಬೇರೆಯವರು ಮಾಡಿದ್ದಕ್ಕೆ ಕನ್ನಡದ ಮಾತು ಹಚ್ಚಲಿಕ್ಕೂ ಬಿಡಲಿಲ್ಲವಲ್ಲ? 2009ರಲ್ಲಿ 'ಅವತಾರ್' ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದ ಮಗುವಿಗೆ ಅದು ಕನ್ನಡದಲ್ಲಿ ಸಿಗಲಿಲ್ಲ. ಅದರ ಎರಡನೆಯ ಭಾಗ 2022ರಲ್ಲಿ ಕನ್ನಡದಲ್ಲೂ ಬಂತು. ಆಕಾಶವೇನೂ ಕಳಚಿ ಬೀಳಲಿಲ್ಲ.

"ಡಬ್ಬಿಂಗಿನಿಂದ ಭಾಷೆ ಕೆಡುತ್ತದೆ" ಅನ್ನುತ್ತಾರೆ. ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಕನ್ನಡದ ವಚನಗಳನ್ನು ಮರಾಠಿಗೆ ತಂದರು. ಮರಾಠಿ ಕೆಟ್ಟಿತೇ? ವಚನ ಕೆಟ್ಟಿತೇ? ಅದೇ ತಾಯಿಯನ್ನು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯನ್ನಾಗಿ ಕೂರಿಸಿ ಗೌರವಿಸಿದ್ದೀರಿ. ಒಂದು ಭಾಷೆಯದನ್ನು ಇನ್ನೊಂದಕ್ಕೆ ದಾಟಿಸುವುದು ಪುಸ್ತಕದಲ್ಲಿ ಪುಣ್ಯ, ಪರದೆಯ ಮೇಲೆ ಪಾಪ ಹೇಗಾಗುತ್ತದೆ?

ಬೆಂಗಳೂರಿನಲ್ಲಿ ಕೂತವರಿಗೆ ಇದು ವ್ಯಾಪಾರದ ಜಗಳ. ನಮಗೆ ಹಾಗಲ್ಲ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಕಡೆಯ ಮಗು ಮನೆಯಲ್ಲಿ ಕನ್ನಡ ಆಡುತ್ತದೆ, ಪೇಟೆಯಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ. ಕನ್ನಡ ಅಂದರೆ ಅವ್ವನ ಮಾತು, ಭಜನೆ, ಹೊಲ. ರಾಕೆಟ್ಟು, ಡೈನೋಸಾರು, ಅನ್ಯಗ್ರಹ ಎಲ್ಲಾ ಹಿಂದಿ. ಪಾಲಕರು ಬಂದು "ಸರ್, ಕನ್ನಡ ಕಲ್ತು ಏನ್ ಮಾಡೋದ್ರೀ?" ಅಂದಾಗ ನಾನು ಸಿದ್ಧರಾಮನ ಹೆಸರು ಹೇಳುತ್ತೇನೆ. ಅವರು ಕೈ ಮುಗಿಯುತ್ತಾರೆ. ಮರುವರ್ಷ ಮಗುವನ್ನು ಸೆಮಿ ಇಂಗ್ಲಿಷಿಗೆ ಹಾಕುತ್ತಾರೆ. ಹನ್ನೆರಡನೆಯ ಶತಮಾನ ಮಾತ್ರ ಇದ್ದು ಇಪ್ಪತ್ತೊಂದನೆಯದು ಇಲ್ಲದ ಭಾಷೆಗೆ ಮಕ್ಕಳು ಎಷ್ಟು ದಿನ ನಿಲ್ಲುತ್ತಾರೆ?

ಒಮ್ಮೆ ತರಗತಿಯಲ್ಲಿ ವೆಲ್ಸ್‌ನ ಕತೆಯನ್ನು ಕನ್ನಡದಲ್ಲೇ ಹೇಳಿ, ಅವರು ನಮ್ಮ ತಾಲೂಕಿಗೆ ಬಂದರೆ ಎಲ್ಲಿ ಇಳಿದಾರು ಎಂದು ಕೇಳಿದೆ. ಒಬ್ಬ ಹುಡುಗ ತಟ್ಟನೆ ಎದ್ದು, "ಕುರನೂರ ಡ್ಯಾಮಿಗ್ರೀ ಸರ್. ಅವ್ರ ಕಡೆ ನೀರ ಇಲ್ಲಂತ ನೀವೇ ಹೇಳಿದ್ರಲ್ರೀ" ಅಂದ. ವೆಲ್ಸ್‌ನ ಮಂಗಳದವರೂ ಗ್ರಹ ತಣ್ಣಗಾಗಿ, ಸಮುದ್ರ ಬತ್ತುತ್ತಾ ಬಂದದ್ದಕ್ಕೇ ಇತ್ತ ಕಣ್ಣು ಹಾಕಿದವರು. ಬರಗಾಲದ ಸೀಮೆಯ ಹುಡುಗನಿಗೆ ಕತೆಯ ಗುಟ್ಟು ಒಂದು ನಿಮಿಷದಲ್ಲಿ ಸಿಕ್ಕಿತು. ಯಾಕೆ? ಅವನ ಭಾಷೆಯಲ್ಲಿ ಹೇಳಿದ್ದಕ್ಕೆ. ಇದೇ ನೋಡಿ ನಿಜವಾದ ರೀಮೇಕ್. ಕೋಟಿ ರೂಪಾಯಿ ಖರ್ಚಾಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಮೂರು. ಕನ್ನಡಕ್ಕೆ ಡಬ್ ಆದ ಮಕ್ಕಳ ಮತ್ತು ವಿಜ್ಞಾನದ ಚಿತ್ರಗಳನ್ನು ಬೆಳಗಾವಿಗೆ ನಿಲ್ಲಿಸಬೇಡಿ, ಸೊಲ್ಲಾಪುರದ ಥೇಟರಿಗೂ ಕಳಿಸಿ. ಇಲ್ಲಿಯೂ ಕನ್ನಡದ ಕಿವಿಗಳಿವೆ. ಎರಡನೆಯದು ನಿರ್ಮಾಪಕರಿಗೆ: ರೀಮೇಕ್ ಮಾಡುವುದಾದರೆ ಇನ್ನೊಂದು ಹೊಡೆದಾಟ ಬೇಡ, ಮಂಗಳದವರನ್ನು ನಮ್ಮ ಬಯಲುಸೀಮೆಗೆ ಇಳಿಸಿ. ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವೈಜ್ಞಾನಿಕ ಕಾದಂಬರಿ ಬರೆದಿಟ್ಟು ಹೋಗಿದ್ದಾರೆ, ಕತೆಗೆ ಬರ ಇಲ್ಲ. ಮೂರನೆಯದು ನನ್ನಂಥ ಮಾಸ್ತರರಿಗೆ: ಸಿನಿಮಾ ಬರುವವರೆಗೆ ಕಾಯಬೇಡಿ, ನೀವೇ ಹೇಳಿ.

ಗಡಿ ಎಲ್ಲಿ ಇರಬೇಕೆಂದು 1967ರಲ್ಲಿ ಮಹಾಜನ ವರದಿ ಹೇಳಿದ್ದನ್ನು ನಾವು ಇನ್ನೂ ಓದುತ್ತಾ ಕೂತಿದ್ದೇವೆ. ಗೆರೆ ಸರಿಯುವುದು ನನ್ನ ಕೈಯಲ್ಲೂ ಇಲ್ಲ, ನಿಮ್ಮ ಕೈಯಲ್ಲೂ ಇಲ್ಲ. ಆದರೆ ಗೆರೆಯ ಈ ಕಡೆ ಇರುವ ಮಗು ಹೆದರಿದಾಗ, ಬೆರಗಾದಾಗ ಕನ್ನಡದಲ್ಲೇ ಕೂಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಏನಂತೀರಿ?